ಅಲ್ಲ ಅನ್ನುವವನು

ಲಿಂಗಸುಗೂರಿನ ತಹಶೀಲ್ ಕಚೇರಿಯ ಎದುರು ಸಾಲಿನಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ ಇದೆ. ಅರ್ಜಿ, ಅಫಿಡವಿಟ್ಟು, ಮದುವೆ ಕಾರ್ಡಿನ ಒಕ್ಕಣೆ ಇಂಥವನ್ನು ಟೈಪು ಮಾಡಿಕೊಡುತ್ತೇನೆ. ಅಂಗಡಿಯ ಕಂಪ್ಯೂಟರಿಗೆ ವಯಸ್ಸಾಗಿದೆ. ಡಬ್ಬಿಯಂಥ ಪರದೆ, ಅಕ್ಷರ ಅಳಿಸಿಹೋದ ಕೀಲಿಮಣೆ. ಬಾಗಿಲು ಮುಚ್ಚಿದ ಒಂದು ತರಬೇತಿ ಕೇಂದ್ರದಿಂದ ತಂದದ್ದು. ಬೆಳಿಗ್ಗೆ ಗುಂಡಿ ಒತ್ತಿ, ಕಸ ಹೊಡೆದು, ಊದುಬತ್ತಿ ಹಚ್ಚಿ, ಚಹಾ ಕುಡಿದು ಬರುವಷ್ಟರಲ್ಲಿ ಅದು ಎದ್ದಿರುತ್ತದೆ. ಅದರೊಳಗಿನ ಕನ್ನಡ ಅಕ್ಷರ ಈಗಿನ ಯಾವ ಕಂಪ್ಯೂಟರಿಗೂ ತಿಳಿಯುವುದಿಲ್ಲ. ಬೇರೆ ಕಡೆ ತೆರೆದರೆ ಅರ್ಜಿದಾರನ ಹೆಸರು ಇರುವೆ ಸಾಲಿನ ಹಾಗೆ ಕಾಣುತ್ತದೆ. ಬದಲಿಸಿರಿ ಅಂತ ಎಲ್ಲರೂ ಹೇಳುತ್ತಾರೆ. ನಡೆಯುತ್ತಿರುವುದನ್ನು ಯಾಕೆ ಬದಲಿಸಬೇಕು ಅನ್ನುವುದು ನನ್ನ ವಾದ. ಆದರೆ ವಾದಕ್ಕೆ ನಿಲ್ಲುವವರು ಯಾರೂ ಇಲ್ಲ. ನಿಮ್ಮ ಖುಷಿ ಬಿಡ್ರಿ ಅಂದು ಜನ ತಮ್ಮ ಕಾಗದ ತೆಗೆದುಕೊಂಡು ಹೋಗುತ್ತಾರೆ.

ವಾದಕ್ಕೆ ನಿಲ್ಲುವವನು ಒಬ್ಬನಿದ್ದ. ನಾನು ಬರೆಯಲು ಕುಳಿತದ್ದು ಅವನ ವಿಷಯ.

ಮೊದಲು ನಾನು ಸಿಂಧನೂರಿನಲ್ಲಿ ವಿಡಿಯೋ ಕ್ಯಾಸೆಟ್ ಲೈಬ್ರರಿ ಇಟ್ಟಿದ್ದೆ. ಎದುರಿಗೆ ಟಾಕೀಸು. ಅವನು ಆ ಟಾಕೀಸಿನ ಪ್ರೊಜೆಕ್ಟರ್ ಆಪರೇಟರ್. ಅಂದರೆ ನಮ್ಮಿಬ್ಬರದು ಹಾವು ಮುಂಗುಸಿಯ ಸಂಬಂಧ ಆಗಬೇಕಿತ್ತು. ಟಾಕೀಸಿನಲ್ಲಿ ಸಿನಿಮಾ ಓಡುತ್ತಿರುವ ತನಕ ಅದರ ಕ್ಯಾಸೆಟ್ಟು ಮನೆಗಳಿಗೆ ಹೋಗಕೂಡದು ಅನ್ನುವುದು ಕಂಪನಿಗಳ ಕಟ್ಟಪ್ಪಣೆ. ಇಷ್ಟು ತಿಂಗಳು ಕಾಯಿರಿ ಅನ್ನುತ್ತಿದ್ದರು. ಕಾಯುವವರು ಯಾರು? ರಾಯಚೂರು ಬಸ್ಸಿನಲ್ಲಿ ಬಿಸ್ಕತ್ತಿನ ಡಬ್ಬಿಯೊಳಗೆ ಕಳ್ಳ ಕ್ಯಾಸೆಟ್ಟು ಬರುತ್ತಿದ್ದವು, ನಾನು ಟೇಬಲ್ಲಿನ ಕೆಳಗೆ ಇಟ್ಟುಕೊಂಡು ಕೊಡುತ್ತಿದ್ದೆ. ಮಾಡಿದ್ದು ತಪ್ಪೇ. ಆಗ ಹಾಗೆ ಅನಿಸಿರಲಿಲ್ಲ.

ಒಂದು ಮಧ್ಯಾಹ್ನ ಅವನು ಗಿರಾಕಿಯ ಹಾಗೆ ಬಂದು, ತನ್ನ ಟಾಕೀಸಿನಲ್ಲೇ ಓಡುತ್ತಿದ್ದ ಸಿನಿಮಾ ಕೇಳಿದ. ಎದುರಿನವನು ಅಂತ ನನಗೆ ಗುರುತಿರಲಿಲ್ಲ. ಆಪರೇಟರನ ಮುಖ ಯಾರು ನೋಡುತ್ತಾರೆ. ಪ್ರಿಂಟು ಚೆನ್ನಾಗಿದೆ ಅಂತ ತೋರಿಸಲು ಯಂತ್ರಕ್ಕೆ ಹಾಕಿದೆ. ಅವನು ಚಿತ್ರ ನೋಡಲೇ ಇಲ್ಲ, ಕಣ್ಣು ಮುಚ್ಚಿಕೊಂಡು ಕೇಳಿದ. ನಾಯಕಿ ಅಳುತ್ತಿದ್ದಳು, ಅವಳ ಅಳುವಿನ ಹಿಂದೆ ಒಂದು ಫ್ಯಾನು ಕಿರ್ ಕಿರ್ ಅನ್ನುತ್ತಿತ್ತು.

“ಈ ಫ್ಯಾನು ನಮ್ದು” ಅಂದ. “ಈಗ ಕೆಮ್ಮಿದಾವ ನಮ್ಮ ಗೇಟ್‌ಕೀಪರ್. ನಮ್ಮ ಬಾಲ್ಕನ್ಯಾಗ ಕ್ಯಾಮೆರಾ ಹಿಡದು ಕುಂತು ಹೊಡದಾರ ಇದನ್ನ.”

ಪೊಲೀಸರೇ ಬಂದರು ಅಂದುಕೊಂಡೆ. ಅವನು ಸ್ಟೂಲು ಎಳೆದುಕೊಂಡು ಕುಳಿತು ವಾದ ಶುರು ಮಾಡಿದ. ಕಾಯಿಸಿದರೇ ಜನಕ್ಕೆ ಬೆಲೆ ಗೊತ್ತಾಗುವುದು, ಬೇಕಾದಾಗ ಬೇಕಾದ್ದು ಸಿಕ್ಕರೆ ಹಬ್ಬಕ್ಕೂ ದಿನಕ್ಕೂ ಏನು ಫರಕು ಅನ್ನುವುದು ಅವನ ಮಾತು. ನಾನು ಬಿಡಲಿಲ್ಲ. ಜವಳಗೇರಾದಲ್ಲಿ ನಾಟಿ ಹಚ್ಚಿ ಸೊಂಟ ಹಿಡಿದವಳು ಬಸ್ಸು ಹತ್ತಿ ನಿನ್ನ ಬಾಲ್ಕನಿ ಏರಿ ಬರಬೇಕೇನು, ಅವಳು ಮನೆಯಲ್ಲಿ ಕುಳಿತು ನೋಡಿದರೆ ನಿನ್ನ ಗಂಟೇನು ಹೋಗುತ್ತದೆ ಅಂದೆ. ಮ್ಯಾಟಿನಿಯ ಗಂಟೆ ಬಾರಿಸಿದಾಗ ಎದ್ದ. ಇದು ಮುಗಿದಿಲ್ಲ, ನಾಳೆ ಬರುತ್ತೇನೆ ಅಂದ. ಯಾರಿಗೂ ದೂರು ಕೊಡಲಿಲ್ಲ. ಮರುದಿನ ಬಂದ. ಅದು ಇಪ್ಪತ್ತೇಳು ವರ್ಷ ಮುಗಿಯಲಿಲ್ಲ.

ನಮ್ಮ ವಾದದೊಳಗೆ ಬಾಹ್ಯಾಕಾಶದ ಮಾತು ಹೇಗೆ ಹೊಕ್ಕಿತು ಅಂದರೆ, ಭಾನುವಾರದ ಪೇಪರಿನಲ್ಲಿ ಒಂದು ಲೇಖನ ಬಂದಿತ್ತು. ಮುಂದೊಂದು ಕಾಲಕ್ಕೆ ಮನುಷ್ಯರು ಬೇರೆ ನಕ್ಷತ್ರಕ್ಕೆ ಹಡಗಿನಲ್ಲಿ ಹೊರಡುತ್ತಾರೆ, ಹತ್ತಿದವರು ದಾರಿಯಲ್ಲೇ ಮುದುಕರಾಗಿ ಸಾಯುತ್ತಾರೆ, ಅವರ ಮರಿಮಕ್ಕಳ ಮಕ್ಕಳು ಹೋಗಿ ಇಳಿಯುತ್ತಾರೆ ಅಂತ. ನಾನು ಹೋಗುತ್ತಾರೆ ಅಂದೆ. ನಾನು ಹೌದು ಅಂದದ್ದಕ್ಕೇ ಅವನು ಅಲ್ಲ ಅಂದ. ಆಮೇಲೆ ಅದಕ್ಕೆ ಕೈಕಾಲು ಮೂಡಿದವು. ಆ ಹಡಗಿನವರಿಗೆ ಹೊಸ ಸಿನಿಮಾ ಯಾವಾಗ ಬಿಡಬೇಕು? ಇಲ್ಲಿ ಟಾಕೀಸಿನಲ್ಲಿ ಓಡುವ ದಿನವೇ ಬಿಡಬೇಕು, ಅವರಿಗೇನು ಟಾಕೀಸು ಇದೆಯೇ ಅಂದೆ. ಕಳಿಸಿದ್ದು ಹೋಗಿ ಮುಟ್ಟಲಿಕ್ಕೇ ವರ್ಷಗಟ್ಟಲೆ ಬೇಕು ಅನ್ನುವುದು ನನ್ನ ಬಾಯಿಂದಲೇ ಬಂತು. ಅವನಿಗೆ ಹಾಲು ಕುಡಿದಷ್ಟು ಸಂತೋಷ. ನೋಡು, ದೇವರೇ ರಿಲೀಸು ತಡ ಮಾಡಿದ್ದಾನೆ, ನಿನ್ನದೇನು ನಡುವೆ ಅಂದ. ಆ ಒಂದು ಮಾತನ್ನು ಎರಡು ವರ್ಷ ಆಡಿಸಿದ.

ಕ್ಯಾಸೆಟ್ಟು ಹೋಗಿ ಸೀಡಿ ಬಂತು, ಸೀಡಿ ಹೋಯಿತು, ನನ್ನ ಅಂಗಡಿಯೂ ಹೋಯಿತು. ಹೆಂಡತಿಯ ತವರು ಲಿಂಗಸುಗೂರು, ಹಾಗಾಗಿ ಇಲ್ಲಿಗೆ ಬಂದು ಕಂಪ್ಯೂಟರ್ ಇಟ್ಟೆ. ಅವನು ಸಿಂಧನೂರಿನಲ್ಲೇ ಉಳಿದ. ನಡುವೆ ಮಸ್ಕಿ. ತಿಂಗಳ ಎರಡನೇ ಗುರುವಾರ ಇಬ್ಬರೂ ಮಸ್ಕಿಗೆ ಬರಬೇಕು ಅಂತ ಗೊತ್ತು ಮಾಡಿಕೊಂಡೆವು. ಗುರುವಾರ ಹಳೇ ಸಿನಿಮಾದ ಕೊನೇ ದಿನ, ಟಾಕೀಸಿನಲ್ಲಿ ನೊಣ ಹೊಡೆಯುವ ಕೆಲಸ. ಇನ್ನೊಬ್ಬ ಆಪರೇಟರನಿಗೆ ಬಿಟ್ಟು ಬರುತ್ತಿದ್ದ. ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜಿ, ಮೇಲೆ ಚಹಾ, ಚಹಾದ ಮೇಲೆ ಚಹಾ. ನಮ್ಮ ಗದ್ದಲಕ್ಕೆ ಬೇರೆ ಗಿರಾಕಿಗಳು ಏಳುತ್ತಾರೆ ಅಂತ ಹೋಟೆಲಿನವರು ನಮ್ಮನ್ನು ಕೈ ತೊಳೆಯುವ ಜಾಗದ ಪಕ್ಕದ ಟೇಬಲ್ಲಿಗೆ ಹಾಕಿದ್ದರು.

ನನ್ನ ಕಂಪ್ಯೂಟರ್ ಅವನಿಗೆ ಹಬ್ಬದೂಟ. ಮಸ್ಕಿಯ ಗುಡ್ಡದ ಕಡೆ ಕೈ ಮಾಡಿ, ಆ ಹಳೇ ರಾಜ ಬಂಡೆಯ ಮೇಲೆ ಬರೆಸಿದ ಶಾಸನ ಸಾವಿರಾರು ವರ್ಷ ಆದರೂ ಇದೆ, ನಿನ್ನ ಫ್ಲಾಪಿ ಎಲ್ಲಿದೆ ಅನ್ನುತ್ತಿದ್ದ. ಆ ರಾಜನ ಅಕ್ಷರವೂ ನಿನಗೆ ಓದಲು ಬರುವುದಿಲ್ಲವಲ್ಲ ಅಂತ ನಾನು. ಕಂಪ್ಯೂಟರ್ ಕೆಟ್ಟಾಗೆಲ್ಲ ನಾನು ರಿಪೇರಿಗೆ ಮಾನ್ವಿಗೆ ಒಯ್ಯುತ್ತಿದ್ದೆ, ಅದನ್ನು ಹಿಡಿದು ಅವನು ಆಡುವ ಒಂದು ಮಾತಿಗೆ ಮಾತ್ರ ನನ್ನ ಬಾಯಿ ಕಟ್ಟುತ್ತಿತ್ತು.

“ಹತ್ತು ವರ್ಷದ ಕಂಪ್ಯೂಟರ್ ನೆಟ್ಟಗ ನಡಸಾಕ ಬರೂದಿಲ್ಲ, ಇನ್ನೂರು ವರ್ಷ ಹಡಗ ನಡಸ್ತೀರೇನಲೇ? ನಡುದಾರ್ಯಾಗ ಕೆಟ್ಟರ ಎಲ್ಲಿಗೆ ಒಯ್ತೀರಿ, ಮಾನ್ವಿಗೇನು?”

ಇದಕ್ಕೆ ಉತ್ತರ ಹುಡುಕುತ್ತ ನಾನು ಎಷ್ಟೋ ಸಲ ಬಸ್ಸಿನಲ್ಲಿ ಮರಳಿದ್ದೇನೆ. ಮನೆಗೆ ಬಂದರೆ ಹೆಂಡತಿ ಚಪ್ಪಲಿ ಬಿಡುವ ಮೊದಲೇ, ಇವತ್ತು ಯಾರು ಗೆದ್ದಿರಿ ಅಂತ ಕೇಳುತ್ತಿದ್ದಳು. ನಾನೇ ಅಂತ ಸುಳ್ಳು ಹೇಳಿದರೆ, ಮುಖ ನೋಡಿದರೆ ಗೊತ್ತಾಗುತ್ತದೆ ಬಿಡಿ ಅನ್ನುವಳು. ನಮಗೆ ಮಕ್ಕಳಿಲ್ಲ. ಮನೆಯೊಳಗೆ ಅವಳು, ಮಸ್ಕಿಯಲ್ಲಿ ಇವನು, ನನ್ನನ್ನು ತಿದ್ದುವವರು ಇಬ್ಬರೇ.

ಮೂರು ವರ್ಷದ ಹಿಂದೆ ಕಾಮಾಲೆಯಾಗಿ ಅವಳು ಹೋದಳು. ಹದಿನೈದು ದಿನದ ಬೇನೆ.

ನಮ್ಮ ಕಡೆ ಸಾವಾದ ಮನೆಗೆ ಜನ ಮಾತಾಡಿಸಲು ಬರುತ್ತಾರೆ. ಬಂದು ಕುಳಿತು, ಏನು ಮಾಡುವುದು, ಋಣ ಅಷ್ಟೇ ಇತ್ತು ಅನ್ನುತ್ತಾರೆ. ಏಳುವಾಗ ಬರುತ್ತೇನೆ ಅನ್ನಬಾರದು. ಅಂಥ ಕೆಲಸಕ್ಕೆ ಮತ್ತೆ ಬರುವುದು ಯಾರಿಗೂ ಬೇಡ. ಸುಮ್ಮನೆ ಎದ್ದು, ತಿರುಗಿ ನೋಡದೆ ಹೋಗಬೇಕು. ಐದು ದಿನ ಹೀಗೆ ಬಂದವರು ಬಂದರು, ಹೋದವರು ಹೋದರು. ನಾನು ಎಲ್ಲರಿಗೂ ಹೂಂ ಅಂದೆ. ಹೂಂ ಬಿಟ್ಟು ಬೇರೆ ಶಬ್ದ ನನ್ನ ಬಾಯಿಂದ ಬಿದ್ದಿರಲಿಲ್ಲ, ಅನ್ನ ಗಂಟಲಲ್ಲಿ ಇಳಿದಿರಲಿಲ್ಲ.

ಐದನೇ ದಿನ ಅವನು ಬಂದ. ಗೋಡೆಗೆ ಆತು ಕುಳಿತ. ಆಮೇಲೆ, ಹಡಗು ನಡುದಾರಿಯಲ್ಲಿ ಕೆಟ್ಟರೆ ಏನು ಮಾಡುತ್ತೀರಿ, ನೀನಿನ್ನೂ ಹೇಳಿಲ್ಲ ಅಂದ. ನನ್ನ ಹೆಂಡತಿಯ ಅಣ್ಣ ಅವನನ್ನು ಸುಡುವಂತೆ ನೋಡಿದ. ಮೂಲೆಯಲ್ಲಿದ್ದ ಮುದುಕಿ ಬಾಯಿಗೆ ಸೆರಗು ಹಚ್ಚಿಕೊಂಡಳು. ನಾನು ತಲೆ ಎತ್ತಿದೆ. ಎಲ್ಲಿತ್ತೋ ಏನೋ, ಉತ್ತರ ಬಂತು. ಗೊರೇಬಾಳದಲ್ಲಿ ನಮ್ಮ ಸೋದರಮಾವನ ಟ್ರ್ಯಾಕ್ಟರ್ ಇದೆ, ಮೊದಲು ಬಂದಾಗ ಇದ್ದ ಒಂದು ಬೋಲ್ಟೂ ಈಗ ಅದರಲ್ಲಿಲ್ಲ, ಇನ್ನೂ ಗದ್ದೆ ಹೊಡೆಯುತ್ತದೆ. ಹಡಗಿನಲ್ಲಿ ಹುಟ್ಟುವವರು ನಡೆಯುವುದಕ್ಕಿಂತ ಮೊದಲು ರಿಪೇರಿ ಕಲಿಯುತ್ತಾರೆ, ಅದೇ ಅವರ ಒಕ್ಕಲುತನ, ಅವರಿಗೆ ಮಾನ್ವಿಯ ಹಂಗೇನು ಅಂದೆ. ಮಾತಾಡುತ್ತ ನನ್ನ ದನಿ ಏರಿತು. ಅವನು ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡ.

“ಇದಕ್ಕ ನನ್ನ ಕಡೆ ಉತ್ತರ ಇಲ್ಲಲೇ” ಅಂದ.

ಎದ್ದ. ರೂಢಿಯಂತೆ ಬರುತ್ತೇನೆ ಅನ್ನದೆ ಹೋದ. ಆ ದಿನ ನಾನಾಗಿ ಕೇಳಿ ಒಂದು ರೊಟ್ಟಿ ತಿಂದೆ. ಹೆಂಡತಿ ಸತ್ತ ಐದನೇ ದಿನ ವಾದ ಗೆದ್ದೆನೆಂದು ಒಳಗೊಳಗೆ ಖುಷಿಯಾಗಿತ್ತು ಅಂದರೆ ಕೇಳಿದವರು ಉಗಿಯುತ್ತಾರೆ. ಆದರೆ ಅದೇ ನಿಜ, ಮತ್ತು ಆ ಖುಷಿಯೇ ನನ್ನನ್ನು ಬದುಕಿಸಿತು.

ಹೋದ ವರ್ಷ ಟಾಕೀಸು ಮುಚ್ಚಿದರು. ಜನ ಫೋನಿನಲ್ಲೇ ನೋಡುತ್ತಾರೆ. ಇಷ್ಟು ವಾರ ಕಾಯಬೇಕು ಅಂತ ಈಗಲೂ ಏನೋ ಕಟ್ಟಳೆ ಇದೆಯಂತೆ, ಆದರೆ ಯಾವ ಚಿತ್ರಕ್ಕೆ ಎಷ್ಟು ಅನ್ನುವುದು ಯಾರಿಗೂ ತಿಳಿಯುವುದಿಲ್ಲ, ಕಾಯುವವರಿಗೂ ಕಾಯುತ್ತಿದ್ದೇವೆ ಅಂತ ಅನಿಸುವುದಿಲ್ಲ. ಸುದ್ದಿ ಕೇಳಿದ ದಿನವೇ ನಾನು ಅಂಗಡಿಗೆ ಬಾಗಿಲು ಹಾಕಿ ಬಸ್ಸು ಹತ್ತಿದೆ. ಅವನು ನನಗೆ ಮಾಡಿದ್ದನ್ನು ನಾನು ಅವನಿಗೆ ಮಾಡಬೇಕು ಅನ್ನುವುದೊಂದೇ ತಲೆಯಲ್ಲಿ. ದಾರಿಯುದ್ದಕ್ಕೂ ಯಾವ ಮಾತಿನಿಂದ ಶುರು ಮಾಡಲಿ ಅಂತ ಹೊಂದಿಸುತ್ತಿದ್ದೆ.

ಟಾಕೀಸಿನೊಳಗೆ ಕುರ್ಚಿಗಳನ್ನು ಬಿಚ್ಚುತ್ತಿದ್ದರು. ಪರದೆ ಇಳಿಸಿದ್ದರು, ಹಿಂದಿನ ಗೋಡೆ ಬೋಳಾಗಿ ಕಾಣುತ್ತಿತ್ತು. ಅವನು ನಡುದಾರಿಯಲ್ಲಿ ಕೈ ಹಿಂದೆ ಕಟ್ಟಿ ನಿಂತಿದ್ದ. ನಾನು ಹೋಗಿ ಪಕ್ಕದಲ್ಲಿ ನಿಂತೆ. ಕಾಯಿಸಿದರೆ ಬೆಲೆ ಬರುತ್ತದೆ ಅಂತಿದ್ದೆಯಲ್ಲ, ಎಲ್ಲಿ ಕಾಯಿಸಿದಿರಿ, ಯಾರು ಕಾದರು, ಇಪ್ಪತ್ತೇಳು ವರ್ಷದಿಂದ ನಾನು ಬಡಕೊಂಡದ್ದು ಇದನ್ನೇ ಅಲ್ಲವೇ ಅಂದೆ. ಅವನು ತಿರುಗಿ ಅಲ್ಲ ಅನ್ನುತ್ತಾನೆ, ನನ್ನನ್ನು ಹಿಡಿದು ಝಾಡಿಸುತ್ತಾನೆ, ಆಗ ಅವನಿಗೂ ಜೀವ ಬರುತ್ತದೆ ಅಂತ ನನ್ನ ಲೆಕ್ಕ. ಅವನು ತಿರುಗಲೇ ಇಲ್ಲ. ಕುರ್ಚಿ ಬಿಚ್ಚುವವರ ಕಡೆ ನೋಡುತ್ತಲೇ ಇದ್ದ. ನಾನು ಇನ್ನೂ ಎರಡು ಮಾತು ಹೇಳಿದೆ. ಏನು ಹೇಳಿದೆ ಅಂತ ನೆನೆದರೆ ನಾಚಿಕೆಯಾಗುತ್ತದೆ. ಆಮೇಲೆ, ಇದೂ ಒಂದು ಸಾವಿನ ಮನೆಯೇ ಅಂದುಕೊಂಡು, ಅಂದು ಅವನು ಮಾಡಿದಂತೆಯೇ, ಬರುತ್ತೇನೆ ಅನ್ನದೆ ಹೊರಗೆ ಬಂದೆ. ದೊಡ್ಡ ಮರ್ಯಾದೆ ಮಾಡಿದೆ ಅನ್ನುವ ಹೆಮ್ಮೆ ಬೇರೆ.

ಮುಂದಿನ ಎರಡನೇ ಗುರುವಾರ ಅವನು ಮಸ್ಕಿಗೆ ಬರಲಿಲ್ಲ. ಸಂಕಟದಲ್ಲಿದ್ದಾನೆ, ಇರಲಿ ಅಂದುಕೊಂಡೆ. ಅದರ ಮುಂದಿನ ತಿಂಗಳೂ ಇಲ್ಲ. ಫೋನು ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. ನಾನು ಮಾತ್ರ ಹೋಗುತ್ತಲೇ ಇದ್ದೆ. ಎರಡು ಪ್ಲೇಟು ಹೇಳಿಬಿಟ್ಟು, ಆಮೇಲೆ ಒಂದು ಸಾಕು ಅನ್ನುತ್ತಿದ್ದೆ. ಸಿಂಧನೂರು ಕಡೆಯಿಂದ ಬಂದ ಪ್ರತಿ ಬಸ್ಸಿನಿಂದ ಇಳಿಯುವವರನ್ನು ಎಣಿಸುತ್ತಿದ್ದೆ. ಒಂದು ದಿನ ಹೋಟೆಲಿನವರು ನನ್ನನ್ನು ಬೀದಿ ಕಾಣುವ ಟೇಬಲ್ಲಿಗೆ ಕರೆದು ಕೂರಿಸಿದರು. ಈಗ ನನ್ನಿಂದ ಯಾರಿಗೂ ತೊಂದರೆ ಇಲ್ಲ ಅಂತ ಅದರ ಅರ್ಥ. ಅಲ್ಲಿ ಕುಳಿತು ತಿಂದದ್ದು ಮೈಗೆ ಹತ್ತಲಿಲ್ಲ.

ಮನೆಯಲ್ಲಿ ಒಬ್ಬನೇ ಜೋರಾಗಿ ಮಾತಾಡುವುದು ಶುರುವಾಯಿತು. ಹಪ್ಪಳ ಸುಡುತ್ತ, ಇನ್ನೂರಲ್ಲ, ನೂರೈವತ್ತು ವರ್ಷ ಸಾಕು ಹೋಗಲಿಕ್ಕೆ ಅನ್ನುತ್ತಿದ್ದೆ. ಗೋಡೆಗೆ ಏನು ತಿಳಿಯುತ್ತದೆ. ಒಂಟಿತನ ಅಂದರೆ ಮನೆಯಲ್ಲಿ ಯಾರೂ ಇಲ್ಲದಿರುವುದು ಅಂತ ಮೊದಲು ತಿಳಿದಿದ್ದೆ. ಹಾಗಲ್ಲ. ತಪ್ಪು ಹೇಳಿದರೂ ನಡೆದುಹೋಗುವುದು ಒಂಟಿತನ. ಅಂಗಡಿಗೆ ಬಂದವನಿಗೆ ಬೇಕೆಂದೇ ಚಂದ್ರ ಸೂರ್ಯನಿಗಿಂತ ದೂರ ಇದೆ ಅಂದೆ ಒಮ್ಮೆ. ಇರಬಹುದು ಬಿಡ್ರಿ ಅಂದು ಅಫಿಡವಿಟ್ಟಿಗೆ ಸಹಿ ಹಾಕಿದ.

ಐದನೇ ತಿಂಗಳು ಅವನ ಮನೆಗೇ ಹೋದೆ. ಬಾಗಿಲು ತೆರೆದದ್ದು ಅವನ ಹೆಂಡತಿ. ಚರಿಗೆಯಲ್ಲಿ ನೀರು ಕೊಟ್ಟು, ಒಳಗಿನವನಿಗೆ ಕೇಳದ ಹಾಗೆ ಮೆಲ್ಲಗೆ ಹೇಳಿದಳು.

“ಬರ್ತೀನಿ ಅನ್ನದ ಹೋದ್ರಂತಲ್ಲ ಅಣ್ಣಾರ ನೀವು. ಟಾಕೀಸು ಹೋಗಿದ್ದಕ್ಕಿಂತ ಅದನ್ನ ಭಾಳ ಮನಸಿಗೆ ಹಚಕೊಂಡಾರ.”

ಆಗ ನನಗೆ ತಿಳಿಯಿತು. ನಾನು ಟಾಕೀಸಿನ ಸಾವು ಅಂದುಕೊಂಡಿದ್ದೆ. ಅಲ್ಲಿ ನಿಂತಿದ್ದದ್ದು ಅವನು. ಬದುಕಿರುವವನ ಮುಂದಿನಿಂದ ಬರುತ್ತೇನೆ ಅನ್ನದೆ ಎದ್ದು ಬಂದರೆ, ಇನ್ನು ನಿನ್ನ ಕಡೆ ಬರುವುದಿಲ್ಲ, ನೀನು ಮುಗಿದೆ ಅಂದ ಹಾಗೆ. ಚರಿಗೆ ಕೈಯಲ್ಲೇ ಉಳಿಯಿತು.

ಅವನು ಹೊರಗೆ ಬಂದ. ಗಡ್ಡ ಬೆಳೆದಿತ್ತು. ಮಂಚದ ಮೇಲೆ ಕುಳಿತ. ನೀನು ನನಗೆ ಮಾಡಿದ್ದನ್ನೇ ನಾನೂ ಮಾಡಲು ಹೋದೆ, ಅಂದು ನಮ್ಮ ಮನೆಯಲ್ಲಿ ನೀನು ವಾದ ತೆಗೆದಿರಲಿಲ್ಲವೇ, ಹಾಗೆಯೇ ಎದ್ದು ಹೋಗಿರಲಿಲ್ಲವೇ ಅಂತ ಒಂದೇ ಉಸಿರಿನಲ್ಲಿ ಹೇಳಿದೆ.

“ಅವತ್ತು ನಾ ಸೋತು ಎದ್ದು ಹೋಗಿದ್ದೆ” ಅಂದ. “ನೀ ಗೆದ್ದು ಎದ್ದು ಹೋದಿ.”

ನನಗೆ ಅರ್ಥವಾಗಲಿಲ್ಲ ಅಂತ ಅವನಿಗೆ ಕಂಡಿರಬೇಕು. ಹೆಂಡತಿಗೆ ಚಹಾ ಮಾಡಲು ಹೇಳಿ, ಅವಳು ಒಳಗೆ ಹೋದ ಮೇಲೆ ಮುಂದುವರಿಸಿದ.

“ರಿಪೇರಿ ಮಾಡವ್ರು ಹಡಗಿನ್ಯಾಗ ಹುಟ್ಟಲಿ. ಸಾಮಾನು ಎಲ್ಲಿಂದ ತರ್ತಾರ? ನಿಮ್ಮ ಮಾವನ ಟ್ರ್ಯಾಕ್ಟರಿಗೆ ಸಿಂಧನೂರು ಬಜಾರ ಐತಿ. ಅಲ್ಲೆಲ್ಲಿ ಐತಿ ಬಜಾರ? ಇದನ್ನ ಅವತ್ತ ಕೇಳಬಹುದಿತ್ತು ನಾ. ನಾಲಿಗಿ ತುದಿ ತನಕ ಬಂದಿತ್ತು. ನಿನ್ನ ಮಾರಿ ನೋಡಿ ನುಂಗಿದೆ.”

ಇಷ್ಟು ಸುಲಭದ ಪ್ರಶ್ನೆ. ಮೂರು ವರ್ಷ ನನಗೆ ಹೊಳೆದಿರಲಿಲ್ಲ. ಗೆದ್ದವನಿಗೆ ಹೊಳೆಯುವುದಿಲ್ಲವೇನೋ. ಮೂರು ವರ್ಷದಲ್ಲಿ ಎಷ್ಟು ಗುರುವಾರ ಬಂದವು, ಒಂದು ಸಲವೂ ಅವನು ಅದನ್ನು ಹೊರಗೆ ತೆಗೆದಿರಲಿಲ್ಲ, ಗೆಲುವನ್ನು ನನ್ನ ಹತ್ತಿರವೇ ಬಿಟ್ಟಿದ್ದ. ತಪ್ಪಾಯಿತು ಅಂದೆ. ಆ ಶಬ್ದವನ್ನು ನಾನು ಅವನಿಗೆ ಎಂದೂ ಹೇಳಿರಲಿಲ್ಲ. ಇರಲಿ ಬಿಡು, ಗುರುವಾರ ಬರುತ್ತೇನೆ ಅಂದ. ಚಹಾ ಕುಡಿದು ಹೊರಡುವಾಗ ನಾನು ಬಾಗಿಲಲ್ಲಿ ನಿಂತು ಬರುತ್ತೇನೆ, ಬರುತ್ತೇನೆ ಅಂತ ಎರಡು ಸಲ ಹೇಳಿದೆ. ಹೂಂ ಅಂದ.

ಗುರುವಾರ ಬಂದ. ಬಸ್ಸಿನಿಂದ ಇಳಿದದ್ದು ಕಂಡು ನಾನು ಸಣ್ಣವನ ಹಾಗೆ ಎದ್ದು ನಿಂತೆ. ಹೋಟೆಲಿನವರು ನಗುತ್ತ ಮೂಲೆಯ ಟೇಬಲ್ಲನ್ನು ಒರೆಸಿ ಕೊಟ್ಟರು. ಆ ದಿನ ಸೋಲಲೇಬೇಕು ಅಂತ ನಾನು ತಯಾರಾಗಿ ಬಂದಿದ್ದೆ. ಯಾರು ಬೇಕಾದರೂ ಎತ್ತಿ ಒಗೆಯುವಂಥ ಮಾತು ಹುಡುಕಿಟ್ಟುಕೊಂಡಿದ್ದೆ. ಚಂದ್ರನ ಮೇಲೆ ಕಾಲುವೆ ತೋಡಿದರೆ ನಮ್ಮ ಕಡೆಯಂತೆಯೇ ಎರಡು ಬೆಳೆ ಭತ್ತ ತೆಗೆಯಬಹುದು ಅಂದೆ. ತೆಗೆಯಬಹುದು ಅಂದ. ಇನ್ನು ಹತ್ತು ವರ್ಷಕ್ಕೆ ಜನ ನಕ್ಷತ್ರಕ್ಕೆ ಹೊರಟುಬಿಡುತ್ತಾರೆ ಅಂದೆ. ಹೊರಡುತ್ತಾರೆ ಅಂದ. ಸಿನಿಮಾ ತೆಗೆದ ದಿನವೇ ಮನೆಮನೆಗೆ ಬಿಟ್ಟುಬಿಡಬೇಕು, ಕಾಯಿಸುವುದೇ ಮೋಸ ಅಂದೆ. ಹೌದು ಅಂದ. ಸಿಟ್ಟಿನಲ್ಲಿ ಹೇಳುತ್ತಿರಲಿಲ್ಲ. ಅವನ ದನಿಯಲ್ಲಿ ಸಿಟ್ಟು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಒಗ್ಗರಣಿಯಲ್ಲಿನ ಶೇಂಗಾ ಆರಿಸಿ ಒಂದೊಂದೇ ತಿನ್ನುತ್ತಿದ್ದ.

“ಒಮ್ಮೆಯಾದ್ರೂ ಅಲ್ಲ ಅನ್ನಲೇ” ಅಂದೆ.

“ಇಷ್ಟು ವರ್ಷ ಅಲ್ಲ ಅಲ್ಲ ಅಂದೆ. ಏನಾತು? ನೀ ಹೇಳಿದ್ದ ಖರೆ ಆತು. ಉಳಿದದ್ದೂ ಖರೆ ಇರಬೇಕು ಬಿಡು.”

ನನ್ನ ಮಾತು ಖರೆ ಆಗಲಿ ಅಂತ ನಾನು ಒಂದು ದಿನವೂ ಬಯಸಿರಲಿಲ್ಲ. ಟಾಕೀಸು ಮುಚ್ಚಲಿ ಅಂತ ವಾದ ಮಾಡಿರಲಿಲ್ಲ, ಯಾರೋ ಚಂದ್ರನಿಗೆ ಹೋಗಲಿ ಅಂತಲೂ ಅಲ್ಲ. ನೀನು ಅಲ್ಲ ಅನ್ನಲಿ ಅಂತಲೇ ನಾನು ಬಾಯಿ ತೆರೆಯುತ್ತಿದ್ದದ್ದು, ಬೇರೆ ಯಾವ ಕಾರಣವೂ ಇರಲಿಲ್ಲ ಅಂತ ಅವನಿಗೆ ಹೇಳಿಯೇಬಿಟ್ಟೆ. ಅವನು ನನ್ನ ಮುಖ ನೋಡಿದ. ಮಿರ್ಚಿ ಮುರಿದು ಅರ್ಧ ನನ್ನ ತಟ್ಟೆಗೆ ಹಾಕಿದ.

“ಹೌದು” ಅಂದ.